ಹಾದಿಯ ಪಾಠ

‘ದೇಶ ಸುತ್ತು, ಕೋಶ ಓದು’ ಎಂದ ಹಿರಿಯರು ಹೇಗೆ ಸುತ್ತಬೇಕೆಂಬುದನ್ನು ನಮಗೇ ಬಿಟ್ಟರು. ವಿಮಾನವು ಊರುಗಳ ಮೇಲೆ ಹಾರಿಹೋಗುತ್ತದೆ. ರೈಲು ತಾನು ನಿಲ್ಲುವಲ್ಲಿ ಮಾತ್ರ ನಮ್ಮನ್ನು ಇಳಿಸುತ್ತದೆ. ಮನ ಬಂದಲ್ಲಿ ನಿಲ್ಲುವ ಸ್ವಾತಂತ್ರ್ಯವಿರುವುದು ರಸ್ತೆಯ ಪ್ರಯಾಣಕ್ಕೆ. ಅದರಿಂದ ಒದಗುವ ಲಾಭವೆಲ್ಲ ಬಹುಮಟ್ಟಿಗೆ ಈ ನಿಲುಗಡೆಗಳಿಂದಲೇ ಬರುವುದೆಂದು ನನ್ನ ಎಣಿಕೆ.

ಬೈಲಹೊಂಗಲ ತಾಲೂಕಿನ ದೊಡವಾಡದಿಂದ ಹೊರಟವನು ಪಡುವಣಕ್ಕೆ ಕಿತ್ತೂರಿನತ್ತ ಸಾಗಲಿ. ಮೊದಲು ಎರಡೂ ಬದಿಗೆ ಎರೆಭೂಮಿ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ ತುಂಬಿ ನಿಂತಿರುತ್ತವೆ. ಮುಂದೆ ಹೋದಂತೆ ಕರಿಯ ಮಣ್ಣು ಕೆಂಪಾಗುತ್ತದೆ, ಗಿಡಮರಗಳು ಒತ್ತಾಗುತ್ತವೆ, ಭತ್ತದ ಗದ್ದೆಗಳು ಎದುರಾಗುತ್ತವೆ. ಮಣ್ಣಿನ ಮಾಳಿಗೆಗಳು ಹಿಂದುಳಿದು ಹಂಚಿನ ಇಳಿಜಾರು ಮಾಡುಗಳು ಕಾಣತೊಡಗುತ್ತವೆ. ಪಶ್ಚಿಮಘಟ್ಟದಿಂದ ಮೂಡಣಕ್ಕೆ ಸರಿದಂತೆ ಮಳೆ ಕಡಿಮೆಯಾಗುವುದೆಂದು ಭೂಗೋಳದ ಪುಸ್ತಕ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಆ ಸಾಲನ್ನು ಕಣ್ಣಿನಿಂದ ಓದಲು ಒಂದು ಮುಂಜಾನೆಯ ಪ್ರಯಾಣ ಬೇಕು. ಹೊಲದ ಬದುವಿನಲ್ಲಿ ನಿಂತ ಒಕ್ಕಲಿಗನನ್ನು ಮಾತಿಗೆಳೆದರೆ ಪುಸ್ತಕ ಬಿಟ್ಟದ್ದೂ ತಿಳಿಯುತ್ತದೆ.

ಕಿತ್ತೂರಿನಲ್ಲಿ ಇಂದು ಉಳಿದಿರುವುದು ಕೋಟೆಯ ಹಾಳು, ಅರಮನೆಯ ಮುರಿದ ಗೋಡೆಗಳು. 1824ರ ಅಕ್ಟೋಬರ್ 23ರಂದು ಇಲ್ಲಿ ನಡೆದ ಕಾಳಗದಲ್ಲಿ ಕಂಪನಿಯ ಅಧಿಕಾರಿ ಥ್ಯಾಕರೆ ಮಡಿದನು. ಅದೇ ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆಯನ್ನು ಗೆದ್ದಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾದಳು. 1829ರ ಫೆಬ್ರುವರಿ 2ರಂದು ಅಲ್ಲಿಯೇ ಕಾಲವಾದಳು. ಇವು ನಾವು ಬಾಯಿಪಾಠ ಮಾಡಿದ ಇಸವಿಗಳು. ಆದರೆ ಕಿತ್ತೂರಿನ ಕೋಟೆಯನ್ನೂ ಬೈಲಹೊಂಗಲದ ಸಮಾಧಿಯನ್ನೂ ಒಂದೇ ದಿನ ಕಂಡವನಿಗೆ ಬೇರೊಂದು ಸಂಗತಿ ಹೊಳೆಯುತ್ತದೆ. ಇವೆರಡರ ನಡುವಿನ ದೂರ ಇಂದಿನ ವಾಹನಕ್ಕೆ ಒಂದು ಗಂಟೆಯದೂ ಅಲ್ಲ. ತನ್ನ ಸಿಂಹಾಸನಕ್ಕೆ ಇಷ್ಟು ಸಮೀಪದಲ್ಲಿ, ತನ್ನ ನಾಡಿನ ಗಾಳಿಯನ್ನೇ ಉಸಿರಾಡುತ್ತ, ಆ ರಾಣಿ ನಾಲ್ಕು ವರ್ಷಗಳನ್ನು ಸೆರೆಯಲ್ಲಿ ಕಳೆದಳು. ದೂರದ ದೇಶಕ್ಕೆ ಗಡೀಪಾರಾಗುವುದಕ್ಕಿಂತ ಇದು ಕಠಿಣವಾಗಿದ್ದಿರಬೇಕು. ಹೆದ್ದಾರಿಯ ಪಕ್ಕದಲ್ಲಿಯೇ ಕಿತ್ತೂರಿದ್ದರೂ ಚಹ ಕುಡಿಯಲು ಮಾತ್ರ ಅಲ್ಲಿ ಇಳಿಯುವವರಿದ್ದಾರೆ. ಅವರು ಬೇಗ ಊರು ಸೇರುತ್ತಾರೆ, ಅಷ್ಟೆ.

ರಸ್ತೆಯ ಪ್ರಯಾಣ ನಮ್ಮ ಸಂಗಡಿಗರನ್ನೂ ನಮಗೆ ಪರಿಚಯಿಸುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಈ ಭಾಗದ ಒಕ್ಕಲು ಮನೆತನಗಳು ಚಕ್ಕಡಿ ಹೂಡಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವುದು ಹಳೆಯ ವಾಡಿಕೆ. ಇಂದಿಗೂ ಅದು ಪೂರ್ತಿ ನಿಂತಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯದ ಬುತ್ತಿ ಹಾದಿಯ ಮರದ ನೆರಳಿನಲ್ಲಿ ಬಿಚ್ಚಿಕೊಳ್ಳುತ್ತದೆ. ಗುರುತಿಲ್ಲದ ಬಂಡಿಯವರ ಪಾಲು ನಮಗೂ ನಮ್ಮ ಪಾಲು ಅವರಿಗೂ ಸಲ್ಲುತ್ತದೆ. ಒಂದೇ ಮನೆಯಲ್ಲಿ ಹತ್ತು ವರ್ಷ ಕೂಡಿದ್ದರೂ ತಿಳಿಯದ ಸ್ವಭಾವ, ಕತ್ತಲಾಗುವ ಹೊತ್ತಿಗೆ ಬಂಡಿಯ ಗಾಲಿ ಕೆಟ್ಟು ನಿಂತಾಗ ತಿಳಿಯುತ್ತದೆ. ಯಾರು ಗೊಣಗಿದರು, ಯಾರು ಎತ್ತುಗಳಿಗೆ ನೀರು ಹುಡುಕಿ ಹೊರಟರು? ತಾನು ಯಾವ ಗುಂಪಿನವನೆಂಬುದೂ ಆಗಲೇ ಗೊತ್ತಾಗುವುದು. ಚಕ್ಕಡಿಯ ಬದಲು ಮೋಟಾರು ಬಂದರೂ ಈ ಪರೀಕ್ಷೆ ತಪ್ಪಿಲ್ಲ.

ಗುಡ್ಡದಿಂದ ನವಿಲುತೀರ್ಥ ದೂರವಿಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿ ಬಂಡೆಗಳ ಸಾಲನ್ನು ಸೀಳಿಕೊಂಡು ಹರಿಯುವಾಗ ಅದಕ್ಕೆ ಅಣೆಕಟ್ಟು ಹಾಕಿದ್ದಾರೆ. ಇದೇ ಹೊಳೆಯನ್ನು ಕಿತ್ತೂರು ಸೀಮೆಯ ಎಂ.ಕೆ. ಹುಬ್ಬಳ್ಳಿಯ ಸೇತುವೆಯ ಮೇಲೆ ದಾಟಿದವನು ಇಲ್ಲಿ ಮತ್ತೆ ಅದನ್ನು ಗುರುತಿಸುತ್ತಾನೆ. ಅಲ್ಲಿ ನದಿ, ಇಲ್ಲಿ ಸಮುದ್ರದಂತಹ ರೇಣುಕಾಸಾಗರ. ಓದಿಗೆಂದು ಧಾರವಾಡಕ್ಕೆ ಹೋದ ಈ ಸೀಮೆಯ ಹುಡುಗ ಅಲ್ಲಿ ನಲ್ಲಿಗೆ ಬೊಗಸೆಯೊಡ್ಡಿದಾಗ ಕುಡಿಯುವುದು ಈ ಜಲಾಶಯದ ನೀರನ್ನೇ.