ಆವಿಗೆ ಸದ್ದಿಲ್ಲ

ಪುಟ್ಟ ಮಕ್ಕಳಿಗೆ ಜಲಚಕ್ರವನ್ನು ಕುಣಿಸಿ ಕಲಿಸೋದಾದರೆ ಒಂದು ವಿಷಯ ನೆನಪಿರಲಿ: ಮೋಡ ಅಂದರೆ ಆವಿ ಅಲ್ಲ. ನಮ್ಮಲ್ಲೇ ಎಷ್ಟೋ ಜನ ಇನ್ನೂ ಹಾಗೇ ಅಂದ್ಕೊಂಡಿದ್ದಾರೆ. ನೀರಾವಿ ಕಣ್ಣಿಗೆ ಕಾಣಲ್ಲ. ಮೋಡದಲ್ಲಿ ಕಾಣೋದು ಸಣ್ಣ ಹನಿಗಳು. ಅದಕ್ಕೇ ಮಕ್ಕಳು ‘ಸಮುದ್ರ’ದಿಂದ ತುದಿಗಾಲಲ್ಲಿ ಏಳುವಾಗ ಹಾಡು, ತಮಟೆ ಎರಡೂ ನಿಲ್ಲಬೇಕು. ಪೂರ್ತಿ ಮೌನ. (30 ಮಕ್ಕಳ ಕ್ಲಾಸಲ್ಲಿ ಇದೇ ಕಷ್ಟದ ಭಾಗ!)

ಮೇಲೆ ನಾಲ್ಕೈದು ಮಕ್ಕಳು ಧೂಳಿನ ಕಣಗಳಾಗಿ ನಿಂತಿರಲಿ. ತಣ್ಣಗಾದ ಆವಿ ಹನಿಯಾಗೋಕೆ ಇಂಥ ಕಣದ ಆಸರೆ ಬೇಕು. ಒಬ್ಬೊಬ್ಬರು ಬಂದು ಕೈ ಹಿಡಿದಾಗ ತಮಟೆಗೆ ಒಂದೊಂದು ಪೆಟ್ಟು. ಒಂದು ಮಳೆಹನಿ ಆಗೋಕೆ ಸುಮಾರು 10 ಲಕ್ಷ ಮೋಡದ ಹನಿಗಳಷ್ಟು ನೀರು ಬೇಕು. ಹಾಗಾಗಿ ಪುಟ್ಟ ಗುಂಪುಗಳು ಒಂದಕ್ಕೊಂದು ಸೇರಿ ದೊಡ್ಡದಾಗೋವರೆಗೂ ಯಾರೂ ಬೀಳಬಾರದು. ಆಮೇಲೆ ತಮಟೆ ಜೋರು, ಎಲ್ಲರೂ ದಬದಬ ಕೆಳಗೆ!