ಅಪಘಾತದ ಪರಿಹಾರ: ಸಹಿ ಹಾಕುವ ಮುನ್ನ ಒಂದು ಲೆಕ್ಕ

ಕಳೆದ ತಿಂಗಳು ಗೆಳೆಯರೊಬ್ಬರು ಒಂದು ಕಾಗದ ಹಿಡಿದು ದೋಹಾದ ನಮ್ಮ ಮನೆಗೆ ಬಂದರು. ಹಾಸನದ ಕಡೆಯವರು, ವಯಸ್ಸು 38, ಸೈಟ್ ಎಂಜಿನಿಯರ್. ಏಳು ತಿಂಗಳ ಹಿಂದೆ ಕೆಲಸ ಮುಗಿಸಿ ಬರುವಾಗ ಸಿಗ್ನಲ್ ಹಾರಿಸಿ ಬಂದ ಪಿಕಪ್ ಇವರ ಕಾರಿಗೆ ಗುದ್ದಿತ್ತು. ಮಂಡಿಗೆ ಎರಡು ಆಪರೇಷನ್ ಆಗಿದೆ. ವೈದ್ಯಕೀಯ ವರದಿಯಲ್ಲಿ ಶಾಶ್ವತ ಊನ ಶೇ. 15 ಎಂದಿದೆ. ಪಿಕಪ್‌ನವರ ವಿಮಾ ಕಂಪನಿ ಆಸ್ಪತ್ರೆ ಖರ್ಚಲ್ಲದೆ 30,000 ರಿಯಾಲ್ ಕೊಡಲು ಒಪ್ಪಿತ್ತು. ಕಾಗದದ ಕೊನೆಯಲ್ಲಿ, ಇನ್ನು ಮುಂದೆ ಯಾವ ಕ್ಲೇಮೂ ಮಾಡುವುದಿಲ್ಲ ಎಂಬ ಒಂದು ಸಾಲು.

"ಸಹಿ ಹಾಕ್ಬಿಡ್ಲಾ ಅಣ್ಣ? ಓಡಾಡಿ ಸಾಕಾಗಿದೆ" ಅಂದರು.

ಈ 30,000 ಎಲ್ಲಿಂದ ಬಂತು ನೋಡಿ. ಕತಾರ್‌ನಲ್ಲಿ ಉದ್ದೇಶವಿಲ್ಲದೆ ಆದ ಸಾವಿಗೆ ಕೊಡಬೇಕಾದ ದಿಯಾ ಮೊತ್ತವನ್ನು 2008ರ ಕಾನೂನು 2 ಲಕ್ಷ ರಿಯಾಲ್ ಎಂದು ನಿಗದಿ ಮಾಡಿದೆ. ಅದರ ಶೇ. 15 ಅಂದರೆ ಸರಿಯಾಗಿ 30,000. ಲೆಕ್ಕವೇನೋ ತಪ್ಪಿಲ್ಲ, ಆದರೆ ಅದು ಅರ್ಧ ಲೆಕ್ಕ. ಇಲ್ಲಿನ ಸಿವಿಲ್ ಕೋಡ್ (2004ರ 22ನೇ ಕಾನೂನು) ಪ್ರಕಾರ ಪರಿಹಾರದಲ್ಲಿ ಆದ ನಷ್ಟವೂ ಸೇರುತ್ತದೆ, ತಪ್ಪಿಹೋದ ಗಳಿಕೆಯೂ ಸೇರುತ್ತದೆ. ಅನುಭವಿಸಿದ ನೋವಿಗೆ ಬೇರೆ. ಮಂಡಿಗೆ ಬೆಲೆ ಕಟ್ಟಿದ್ದಾಯಿತು. ಆ ಮಂಡಿ ದುಡಿದು ತರುತ್ತಿದ್ದ ಹಣಕ್ಕೆ ಯಾರೂ ಬೆಲೆ ಕಟ್ಟಿಲ್ಲ.

ಗೆಳೆಯರ ಸಂಬಳ ತಿಂಗಳಿಗೆ 12,000 ರಿಯಾಲ್ ಇತ್ತು. ಈಗ ಸೈಟ್ ಹತ್ತಲಾಗದೆ ಆಫೀಸಿನ ಮೇಜಿಗೆ ಬಂದಿದ್ದಾರೆ, ಸೈಟ್ ಭತ್ಯೆ 2,400 ಹೋಗಿದೆ. ಡಾಕ್ಟರ ಪ್ರಕಾರ ಶೇ. 15 ಊನ, ಪಗಾರದ ಪ್ರಕಾರ ಶೇ. 20. ವರ್ಷಕ್ಕೆ 28,800 ರಿಯಾಲ್ ನಷ್ಟ. ಅಂದರೆ ಕಂಪನಿ ಕೊಡುತ್ತಿರುವುದು ಹೆಚ್ಚುಕಡಿಮೆ ಒಂದು ವರ್ಷದ ನಷ್ಟ!

ದೇಹದ ಊನ ಬೇರೆ, ದುಡಿಮೆಯ ಊನ ಬೇರೆ ಎಂಬುದನ್ನು ನಮ್ಮ ಸುಪ್ರೀಂ ಕೋರ್ಟ್ 2010ರ ಒಂದು ತೀರ್ಪಿನಲ್ಲಿ ಚೆನ್ನಾಗಿ ವಿವರಿಸಿದೆ. ಎಡಗೈ ಕಳೆದುಕೊಂಡ ಡ್ರೈವರ್ ಪೂರ್ತಿ ಕೆಲಸವನ್ನೇ ಕಳೆದುಕೊಳ್ಳಬಹುದು, ಅದೇ ಗುಮಾಸ್ತರಾದರೆ ಕೆಲಸ ಉಳಿಯಬಹುದು. 2014ರಲ್ಲಿ ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬರ ಪ್ರಕರಣ ಬಂತು. ಅವರ ಕಾಲು ಕತ್ತರಿಸಬೇಕಾಗಿತ್ತು. ಓಡಾಡದೆ ತರಕಾರಿ ಮಾರಲಾಗುವುದಿಲ್ಲ ಎಂದ ಕೋರ್ಟ್ ದುಡಿಮೆಯ ನಷ್ಟ ಶೇ. 85 ಎಂದಿತು. ತಿಂಗಳ ಆದಾಯ 6,500 ರೂಪಾಯಿ, ಮುಂದಿನ ಏರಿಕೆಗೆ ಶೇ. 50 ಸೇರಿಸಿ 9,750. ವಯಸ್ಸು 24 ಆದ್ದರಿಂದ ಗುಣಕ 18. 9,750 × 12 × 18 × 0.85 = 17,90,100 ರೂಪಾಯಿ, ಬರೀ ಗಳಿಕೆಯ ಬಾಬ್ತಿಗೆ.

ಈ ಗುಣಕ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಿಂದ ಬಂದದ್ದು. 36ರಿಂದ 40 ವಯಸ್ಸಿಗೆ 15, 41ರಿಂದ 45ಕ್ಕೆ 14. ನಮ್ಮಂಥವರಿಗೆ ಇದು ಹೊಸದೇನಲ್ಲ, ವೇಷ ಬದಲಿಸಿದ ಪ್ರೆಸೆಂಟ್ ವ್ಯಾಲ್ಯೂ ಅಷ್ಟೇ. 38ರಿಂದ 58ರವರೆಗೆ 20 ವರ್ಷಕ್ಕೆ ಶೇ. 3ರ ದರದಲ್ಲಿ ಆನ್ಯುಟಿ ಫ್ಯಾಕ್ಟರ್ ತೆಗೆದರೆ 14.88 ಬರುತ್ತದೆ. ವಕೀಲರು 15 ಅನ್ನುತ್ತಾರೆ.

ಕತಾರ್‌ನ ಕೋರ್ಟ್ ಈ ಪಟ್ಟಿಗೆ ಬದ್ಧವಲ್ಲ, ನ್ಯಾಯಾಧೀಶರ ವಿವೇಚನೆ ಅಲ್ಲಿ ದೊಡ್ಡದು. ಆದರೆ ಮಾತುಕತೆಗೆ ಕೂರುವಾಗ ನಮ್ಮ ಕೈಯಲ್ಲೊಂದು ಅಂಕಿ ಬೇಡವೇ? 28,800ನ್ನು 20 ವರ್ಷಕ್ಕೆ ಶೇ. 5ರಲ್ಲಿ ಇಳಿಸಿದರೆ ಸುಮಾರು 3,59,000 ರಿಯಾಲ್. ನನಗೆ ಇದು ಹೆಚ್ಚೆನಿಸಿತು. ಗಲ್ಫ್ ಸಂಬಳ 20 ವರ್ಷ ಇರುತ್ತದೆ ಅಂತ ನಾವೇ ನಂಬುವುದಿಲ್ಲ, ಇನ್ನು ಕಂಪನಿಯವರು ನಂಬುತ್ತಾರೆಯೇ? ಹಾಗಾಗಿ ಏಳು ವರ್ಷ ದೋಹಾ ಸಂಬಳ, ಆಮೇಲೆ 13 ವರ್ಷ ಊರಿಗೆ ಮರಳಿ ಅದರ ಅರ್ಧ ಎಂದು ಹಿಡಿದೆ. ಮೊದಲ ಭಾಗ 1,66,600, ಎರಡನೆಯದು 96,100; ಒಟ್ಟು ಸುಮಾರು 2,63,000. ಇಷ್ಟು ಜಿಪುಣತನ ಮಾಡಿದರೂ ಕಂಪನಿಯ ಅಂಕಿಯ ಎಂಟು ಪಟ್ಟಿಗಿಂತ ಹೆಚ್ಚು.

ಇದರ ಜೊತೆಗೆ ಕೆಲಸ ಕೊಟ್ಟವರ ಕಡೆಯದನ್ನೂ ನೋಡಿಕೊಳ್ಳಬೇಕು. ಕೆಲಸಕ್ಕೆ ಹೋಗುವ, ಬರುವ ದಾರಿಯಲ್ಲಿ, ನಡುವೆ ಬೇರೆಲ್ಲೂ ತಿರುಗದೆ ಇದ್ದಾಗ ಆದ ಅಪಘಾತ ಕತಾರ್ ಕಾರ್ಮಿಕ ಕಾನೂನಿನಲ್ಲಿ ಕೆಲಸದ ಗಾಯವೇ. ಚಿಕಿತ್ಸೆಯ ಅವಧಿಗೆ ಆರು ತಿಂಗಳವರೆಗೆ ಪೂರ್ತಿ ಸಂಬಳ, ಆಮೇಲೆ ಅರ್ಧ. ಗೆಳೆಯರು ಐದು ತಿಂಗಳ ರಜೆಯನ್ನು ತಮ್ಮ ವಾರ್ಷಿಕ ರಜೆಯಲ್ಲಿ ಸ್ವಲ್ಪ ಕಳೆದುಕೊಂಡಿದ್ದರು. ಎಚ್‌ಆರ್‌ಗೆ ಒಂದು ಇಮೇಲ್ ಬರೆದ ಮೇಲೆ ಅದು ವಾಪಸ್ ಬಂತು.

ಗಡುವು ಮರೆಯಬೇಡಿ. ಇಲ್ಲಿ ಹಾನಿ ಮತ್ತು ಹೊಣೆಗಾರ ಯಾರೆಂದು ತಿಳಿದ ದಿನದಿಂದ ಮೂರು ವರ್ಷ. ರಜೆಗೆ ಊರಿಗೆ ಹೋದಾಗ ಅಪಘಾತವಾದರೆ ಅಷ್ಟು ಸಮಯವಿಲ್ಲ: 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಲ್ಲಿ ಆರು ತಿಂಗಳ ಮಿತಿ ಹಾಕಿದ್ದಾರೆ. ಪ್ಲಾಸ್ಟರ್ ಬಿಚ್ಚುವ ಮೊದಲೇ ದೋಹಾಕ್ಕೆ ಮರಳುವ ನಮಗೆ ಆರು ತಿಂಗಳು ಏನೇನೂ ಅಲ್ಲ. ಹೊರಡುವ ಮುನ್ನವೇ ವಕೀಲರಿಗೆ ಅಧಿಕಾರ ಪತ್ರ ಕೊಟ್ಟು ಬನ್ನಿ.

ಗೆಳೆಯರು ಸಹಿ ಹಾಕಲಿಲ್ಲ. ಅಪಘಾತಕ್ಕೆ ಮುಂಚಿನ ಆರು ತಿಂಗಳ ಸಂಬಳ ಚೀಟಿ, ಭತ್ಯೆ ನಿಲ್ಲಿಸಿದ ಪತ್ರ, ಎರಡೂ ಆಪರೇಷನ್‌ಗಳ ವರದಿ ಇಷ್ಟನ್ನೂ ಅರಬಿಗೆ ಅನುವಾದ ಮಾಡಿಸಿ ಇಲ್ಲಿನ ವಕೀಲರಿಗೆ ಕೊಟ್ಟಿದ್ದಾರೆ. ಮೇಲಿನ ಲೆಕ್ಕದ ಎಕ್ಸೆಲ್ ಶೀಟ್ ನನ್ನ ಬಳಿ ಇದೆ, ಬೇಕಾದವರು ಕೇಳಿ.