ಹಿಂದೆ ನಿಂತು ಆಡಿದವರು

ಸಂಜೆ ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ಮಕ್ಕಳು ಫುಟ್ಬಾಲಿಗೆ ತಂಡ ಕಟ್ಟುವುದನ್ನು ನಾವು ನೋಡುತ್ತಿರುತ್ತೇವೆ. ಎಲ್ಲರಿಗೂ ಮುಂದೆ ನಿಂತು ಗೋಲು ಹೊಡೆಯುವ ಆಸೆ. ಹಿಂದೆ ನಿಂತು ತಡೆಯುವ ಕೆಲಸ ಕುಳ್ಳಗಿರುವವನಿಗೋ ಹೊಸದಾಗಿ ಸೇರಿದವನಿಗೋ ಬೀಳುತ್ತದೆ. ಆ ಕೆಲಸದಿಂದಲೇ ಮೇಲೆ ಬಂದ ಜರ್ಮನಿಯ ಬೆರ್ಟಿ ಫೋಗ್ಟ್ಸ್ ಅವರ ವಿಷಯವನ್ನು ಇಲ್ಲಿ ತಿಳಿಯೋಣ.

ಫೋಗ್ಟ್ಸ್ ಹುಟ್ಟಿದ್ದು 1946ರ ಡಿಸೆಂಬರ್ 30ರಂದು, ಜರ್ಮನಿಯ ಪಶ್ಚಿಮ ಭಾಗದ ಬ್ಯೂಟ್ಗೆನ್ ಎಂಬ ಊರಿನಲ್ಲಿ. ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದರು. ಕಾರ್ಖಾನೆಗೆ ಬೇಕಾದ ಹತ್ಯಾರುಗಳನ್ನು ತಯಾರಿಸುವ ಕಸುಬನ್ನು ಕಲಿತರು. ಎತ್ತರ ಸುಮಾರು ಐದೂವರೆ ಅಡಿ. 1965ರಲ್ಲಿ ಬೊರುಸಿಯಾ ಮೊನ್ಶೆನ್‌ಗ್ಲಾಡ್‌ಬಾಖ್ ತಂಡವನ್ನು ಸೇರಿ, 1979ರವರೆಗೂ ಅದನ್ನು ಬಿಡದೆ ಲೀಗಿನಲ್ಲಿ 419 ಪಂದ್ಯಗಳನ್ನು ಆಡಿದರು. ಆ ಅವಧಿಯಲ್ಲಿ ತಂಡವು 5 ಬಾರಿ ಲೀಗ್ ಗೆದ್ದಿತು. ಎದುರಾಳಿಯ ಬೆನ್ನು ಬಿಡದ ಅವರಿಗೆ ಜನರು 'ಟೆರಿಯರ್' ಎಂಬ ಬೇಟೆನಾಯಿಯ ಹೆಸರನ್ನೇ ಇಟ್ಟರು.

1974ರ ವಿಶ್ವಕಪ್ಪಿನ ಅಂತಿಮ ಪಂದ್ಯ ಮ್ಯೂನಿಕ್‌ನಲ್ಲಿ ನಡೆಯಿತು. ಹಾಲೆಂಡಿನ ಯೋಹಾನ್ ಕ್ರೈಫ್ ಅವರನ್ನು ಕಾಯುವ ಹೊಣೆ ಫೋಗ್ಟ್ಸ್ ಅವರದು. ಮೊದಲ ನಿಮಿಷದಲ್ಲೇ ಕ್ರೈಫ್ ಅವರನ್ನು ದಾಟಿ ನುಗ್ಗಿದರು. ಹಾಲೆಂಡಿಗೆ ಪೆನಾಲ್ಟಿ, ಗೋಲು! ಫೋಗ್ಟ್ಸ್ ಎದೆಗುಂದಲಿಲ್ಲ. ಮುಂದೆ ನೆರಳಿನಂತೆ ಹಿಂಬಾಲಿಸಿದರು. ಕ್ರೈಫ್ ಗೋಲು ಹೊಡೆಯಲಾಗಲಿಲ್ಲ. ಪಶ್ಚಿಮ ಜರ್ಮನಿ 2–1ರಿಂದ ಗೆದ್ದಿತು.

ನಾಲ್ಕು ವರ್ಷಗಳ ಬಳಿಕ ಫೋಗ್ಟ್ಸ್ ನಾಯಕರು. ಅರ್ಜೆಂಟೀನಾದ ಕೊರ್ದೋಬಾದಲ್ಲಿ ಆಸ್ಟ್ರಿಯದ ಎದುರು 1–0 ಮುಂದಿದ್ದಾಗ ಚೆಂಡು ಅವರಿಗೇ ತಗಲಿ ಸ್ವಂತ ಗೋಲಿನೊಳಗೆ ಹೋಯಿತು. ತಂಡವು 3–2ರಿಂದ ಸೋತು ಹೊರಬಿತ್ತು. ದೇಶದ ಪರವಾಗಿ ಅವರು ಆಡಿದ 96ನೆಯ ಪಂದ್ಯವದು, ಕೊನೆಯದೂ ಅದೇ.

ಇಂತಹ ಕೊನೆ ಯಾರಿಗೂ ಬೇಡ. ಆದರೆ ಫೋಗ್ಟ್ಸ್ ಆಟದಿಂದ ದೂರ ಸರಿಯಲಿಲ್ಲ. 1979ರಿಂದ ಜರ್ಮನ್ ಫುಟ್ಬಾಲ್ ಸಂಸ್ಥೆಯಲ್ಲಿ ಎಳೆಯ ಆಟಗಾರರಿಗೆ ಕಲಿಸತೊಡಗಿದರು. ಹನ್ನೊಂದು ವರ್ಷಗಳ ತಾಳ್ಮೆಯ ಮೇಲೆ, 1990ರಲ್ಲಿ ದೇಶದ ತಂಡದ ಮುಖ್ಯ ತರಬೇತುದಾರರಾದರು. ಅಲ್ಲಿಯೂ ಸೋಲು ತಪ್ಪಲಿಲ್ಲ: 1992ರ ಯುರೋಪಿಯನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಡೆನ್ಮಾರ್ಕ್, 1994ರ ವಿಶ್ವಕಪ್ಪಿನಲ್ಲಿ ಬಲ್ಗೇರಿಯ ಅವರ ತಂಡವನ್ನು ಸೋಲಿಸಿದವು. 1996ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಜೆಕ್ ತಂಡದ ಎದುರು ಜರ್ಮನಿ ಹಿಂದೆ ಬಿದ್ದಿದ್ದಾಗ, ಫೋಗ್ಟ್ಸ್ ಬದಲಿ ಆಟಗಾರ ಓಲಿವರ್ ಬೀರ್‌ಹಾಫ್ ಅವರನ್ನು ಇಳಿಸಿದರು. ಬೀರ್‌ಹಾಫ್ ಎರಡು ಗೋಲು ಹೊಡೆದರು. ಯುರೋಪಿಯನ್ ಕಪ್ ಜರ್ಮನಿಯದಾಯಿತು. ಬೆಂಚಿನಲ್ಲಿ ಕುಳಿತವನ ಬೆಲೆಯನ್ನು ಹಿಂದೆ ನಿಂತು ಆಡಿದ ಗುರುವು ಬಲ್ಲವರಾಗಿದ್ದರು.

ಹೊಡೆದ ಗೋಲನ್ನು ಎಲ್ಲರೂ ಎಣಿಸುತ್ತಾರೆ, ತಡೆದ ಗೋಲನ್ನು ಎಣಿಸುವವರಿಲ್ಲ. ಮಕ್ಕಳೇ, ನಾಳೆ ಸಂಜೆ "ನೀನು ಹಿಂದೆ ನಿಲ್ಲು" ಎಂದರೆ ಮುಖ ಸಣ್ಣದು ಮಾಡಬೇಡಿ. ತಂದೆತಾಯಿಗಳೂ ಮಗ ಮನೆಗೆ ಬಂದಾಗ "ಎಷ್ಟು ಹೊಡೆದೆ?" ಎನ್ನುವುದರ ಜೊತೆಗೆ "ಎಷ್ಟು ತಡೆದೆ?" ಎಂದೂ ಕೇಳಲಿ.